ಅಲುಗಿದ ಚಿತ್ರವನ್ನು ತಿದ್ದುವ ಬಗೆ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಮುಸ್ಸಂಜೆಯಲ್ಲಿ, ಊರಿನ ದೀಪಗಳೊಡನೆ ಒಂದೇ ಛಾಯಾಚಿತ್ರದಲ್ಲಿ ಹಿಡಿಯಲೆಳಸಿದವರಿಗೆ ನಿರಾಶೆಯಾಗುವುದುಂಟು. ಕೋಟೆಯ ಗೋಡೆ ಹೊಗೆಯಂತೆ ಹರಡಿರುತ್ತದೆ. ಬೀದಿದೀಪಗಳು ಚುಕ್ಕೆಗಳಾಗುವ ಬದಲು ಕೊಕ್ಕೆಗಳಾಗಿರುತ್ತವೆ. ಚಿತ್ರವನ್ನು ಅಳಿಸುವ ಮೊದಲು ನಾವು ಆ ಕೊಕ್ಕೆಗಳನ್ನು ಗಮನಿಸಬೇಕು. ಅವೆಲ್ಲವೂ ಬಹುಮಟ್ಟಿಗೆ ಒಂದೇ ಆಕಾರದವು. ಏಕೆ?

ಬೆಳಕು ಸಾಲದಾಗ ಕ್ಯಾಮೆರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು, 1/8 ಸೆಕೆಂಡು ಎನ್ನೋಣ, ತೆರೆದಿರಬೇಕಾಗುತ್ತದೆ. ಅಷ್ಟರಲ್ಲಿ ಕೈ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲು ವಾಲಿತೆನ್ನಿ. ಸುಮಾರು 65 ಡಿಗ್ರಿಯಗಲದ ನೋಟವನ್ನು 4000 ಬಿಂದುಗಳಲ್ಲಿ ಹಿಡಿಯುವ ಮೊಬೈಲಿನಲ್ಲಿ ಒಂದೊಂದು ಬಿಂದುವೂ ಆರು ಬಿಂದುಗಳಷ್ಟು ದೂರಕ್ಕೆ ಹರಡುವುದು. ಕತ್ತಲೆಯಲ್ಲಿ ಒಂಟಿಯಾಗಿರುವ ದೀಪವು ಕೈ ಅಲುಗಿದ ಪಥವನ್ನೇ ಬರೆದು ತೋರಿಸುತ್ತದೆ. ಬಂಡೆಯ ಬಿಂದುಗಳೂ ಅದೇ ಪಥದಲ್ಲಿ ಹರಡಿವೆ. ಆದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗಿವೆ.

ಕಲಸಿದುದನ್ನು ಬೇರ್ಪಡಿಸುವ ಲೆಕ್ಕಕ್ಕೆ ಡಿಕಾನ್ವಲ್ಯೂಷನ್ ಎಂದು ಹೆಸರು. 1972ರಲ್ಲಿ ರಿಚರ್ಡ್‌ಸನ್, 1974ರಲ್ಲಿ ಲೂಸಿ ಬೇರೆಬೇರೆಯಾಗಿ ಕಂಡುಕೊಂಡ ಕ್ರಮ ಸರಳವಾದುದು. ಮೂಲಚಿತ್ರವನ್ನು ಊಹಿಸುವುದು, ಆ ಊಹೆಯನ್ನು ತಿಳಿದ ಪಥದಲ್ಲಿ ಹರಡಿಸುವುದು, ಬಂದುದನ್ನು ನಮ್ಮ ಕೈಯಲ್ಲಿರುವ ಚಿತ್ರದೊಡನೆ ಹೋಲಿಸಿ ಊಹೆಯನ್ನು ತಿದ್ದುವುದು. ಹೀಗೆ ಹಲವು ಸಲ. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ದರ್ಪಣದಲ್ಲಿ ದೋಷ ಕಂಡುಬಂದಾಗ, 1993ರ ದುರಸ್ತಿಯವರೆಗೆ ಖಗೋಳಜ್ಞರಿಗೆ ಒದಗಿದುದು ಇಂಥ ಲೆಕ್ಕವೇ. ದೀಪವೇ ಇಲ್ಲದ ಚಿತ್ರದಲ್ಲಿ ಪಥವನ್ನೂ ಗಣಕವೇ ಹುಡುಕಬೇಕು. ಇದು ಬಲು ಕಷ್ಟದ ಕೆಲಸ. 2006ರಲ್ಲಿ ಫರ್ಗಸ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ತೋರಿದರು. 2013ರಲ್ಲಿ ಫೋಟೋಶಾಪ್ ತಂತ್ರಾಂಶವೂ ಇಂಥ ಸೌಲಭ್ಯವನ್ನು ಪಡೆಯಿತು.

ಆದರೆ ಎಲ್ಲವೂ ಮರಳಿ ಬಾರದು. ಕಪ್ಪು ಬಿಳುಪು ಪಟ್ಟೆಗಳ ಜೋಡಿಯೊಂದು ಸರಿಯಾಗಿ ಆರು ಬಿಂದುಗಳಗಲವಿದ್ದು, ಕೈ ಸಮವೇಗದಲ್ಲಿ ಅಡ್ಡಕ್ಕೆ ಅಷ್ಟೇ ದೂರ ಸರಿದರೆ ಉಳಿಯುವುದು ಬರಿಯ ಬೂದುಬಣ್ಣ. ಅಲ್ಲಿ ಪಟ್ಟೆಗಳಿದ್ದುವೆಂಬ ಸುಳಿವೂ ಇರದು. ಶಿರಾ ಬಳಿಯ ಕಗ್ಗಲಡುವಿನ ಹುಣಸೆಮರಗಳಿಂದ ಹಾರುವ ಬಣ್ಣದ ಕೊಕ್ಕರೆಯದು ಇನ್ನೊಂದು ತೊಡಕು: ಮರ ಅಲುಗಿದ್ದು ನಮ್ಮ ಕೈಯ ಪಥದಲ್ಲಿ, ಹಕ್ಕಿಗೆ ಅದರದೇ ಪಥವೂ ಸೇರಿದೆ. ಒಂದೇ ಕೊಕ್ಕೆಯಿಂದ ಎರಡನ್ನೂ ತಿದ್ದಲಾಗದು.

ಈಚಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಅಳಿದುಹೋದ ಜಾಗವನ್ನು, ತಾವು ಕಲಿತ ಅಸಂಖ್ಯ ಚಿತ್ರಗಳ ಆಧಾರದಿಂದ ತುಂಬಿಬಿಡುತ್ತವೆ. ಸ್ನೇಹಿತರ ಮುಖಕ್ಕೆ ಇದು ಸಾಕೆನಿಸೀತು. ಹಳೆಯ ಶಾಸನದ ಚಿತ್ರಕ್ಕೆ ಸಲ್ಲದು. ಕಲ್ಲಿನಲ್ಲಿ ಎಂದೂ ಇರದಿದ್ದ ಅಕ್ಷರ ಸ್ಪಷ್ಟವಾಗಿ ಮೂಡಬಹುದು. ಅಂಥಲ್ಲಿ ಅಲುಗಿದ ಮೂಲಚಿತ್ರವನ್ನೂ ಜೊತೆಗಿಟ್ಟುಕೊಂಡು, ಸಾಧ್ಯವಾದರೆ ಹಗಲು ಬೆಳಕಿನಲ್ಲಿ ಮತ್ತೆ ಹೋಗಿ, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು ಇನ್ನೊಂದು ಚಿತ್ರ ತೆಗೆಯಬೇಕು.