ಕಡಲಿನ ಮೌನ ಬೇಟೆಗಾರ

ಅಮಾವಾಸ್ಯೆಯ ಇರುಳು ಹನಕೆರೆಯ ಸುತ್ತಣ ಕಬ್ಬಿನ ಗದ್ದೆಗಳ ನಡುವೆ ಒಬ್ಬನು ಟಾರ್ಚ್ ಹಿಡಿದು ಕಳ್ಳನನ್ನು ಹುಡುಕುತ್ತ ಹೊರಟಿದ್ದಾನೆಂದು ಭಾವಿಸೋಣ. ಅವನಿಗೆ ಕಾಣುವುದು ಮುಂದಿನ ಮೂವತ್ತು ನಲವತ್ತು ಮೀಟರ್ ದಾರಿ ಮಾತ್ರ. ಆದರೆ ಅವನ ದೀಪ ಅರ್ಧ ಕಿಲೋಮೀಟರ್ ಆಚೆ ನಿಂತ ಕಳ್ಳನಿಗೂ ಕಾಣುತ್ತದೆ. ಹುಡುಕುವವನು ಕಳ್ಳನನ್ನು ಕಾಣುವ ಮೊದಲೇ ಕಳ್ಳನು ಅವನನ್ನು ಕಂಡು ಓಡಿರುತ್ತಾನೆ! ಇದಕ್ಕೆ ಕಾರಣ ಸರಳವಾದುದು. ಬೆಳಕು ಕಳ್ಳನ ಕಣ್ಣನ್ನು ಮುಟ್ಟಲು ಒಂದು ಸಲ ದಾರಿ ಸವೆಸಿದರೆ ಸಾಕು. ದೀಪ ಹಿಡಿದವನ ಕಣ್ಣಿಗೆ ಮರಳಬೇಕಾದರೆ ಹೋಗಿ ಬರಬೇಕು. ದೂರ ಇಮ್ಮಡಿಯಾದಾಗ ಕಳ್ಳನಿಗೆ ತಲಪುವ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಅವನ ಮೈಯಿಂದ ಚದರಿ ಹಿಂದಿರುಗುವ ಬೆಳಕಾದರೋ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಈ ತೊಡಕನ್ನೇ ಬೆಳಕಿನ ಬದಲು ಶಬ್ದದಲ್ಲಿ ಎದುರಿಸಬೇಕಾದ ಪ್ರಾಣಿಯೊಂದು ಕಡಲಿನಲ್ಲಿದೆ. ಅದು ಓರ್ಕಾ, ಅರ್ಥಾತ್ ಹಂತಕ ತಿಮಿಂಗಿಲ. ಹೆಸರು ತಿಮಿಂಗಿಲವಾದರೂ ಇದು ಡಾಲ್ಫಿನ್ ಕುಟುಂಬಕ್ಕೆ ಸೇರಿದುದು, ಆ ಕುಟುಂಬದಲ್ಲೆಲ್ಲ ದೊಡ್ಡದು. ಗಂಡಿನ ಬೆನ್ನಿನ ಮೇಲಣ ಈಜುರೆಕ್ಕೆಯೊಂದೇ ೧.೮ ಮೀಟರ್ ಎತ್ತರಕ್ಕೆ ಬೆಳೆಯಬಲ್ಲುದು, ಅಂದರೆ ಆಳುದ್ದಕ್ಕೂ ಹೆಚ್ಚು. ಎಲ್ಲ ಮಹಾಸಾಗರಗಳಲ್ಲಿಯೂ ಇದು ಉಂಟು. ಶ್ರೀಲಂಕೆಯ ಸಮುದ್ರದಲ್ಲಿ ಕಂಡ ದಾಖಲೆಗಳೂ ಇವೆ. ಮಂಗಳೂರಿನ ಕಡಲಿನಿಂದಲೇ ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿರುವ ಮಂಡ್ಯದ ಸೀಮೆಯವರಾದ ನಮಗೆ ಇದರ ಪರಿಚಯ ಪುಸ್ತಕಗಳಿಂದ ಆಗಬೇಕಷ್ಟೆ. ವಿಜ್ಞಾನಿಗಳು ಇದನ್ನು ಬಹುಕಾಲ ಕಣ್ಣಿಟ್ಟು ನೋಡಿರುವುದು ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ದ್ವೀಪದ ಸುತ್ತಮುತ್ತ.

೧೯೭೦ರ ಮಾರ್ಚ್ ತಿಂಗಳಲ್ಲಿ ಆ ದ್ವೀಪದ ಪೆಡರ್ ಕೊಲ್ಲಿಯಲ್ಲಿ ಐದು ತಿಮಿಂಗಿಲಗಳನ್ನು ಪ್ರದರ್ಶನಕ್ಕಾಗಿ ಬಲೆಯಿಂದ ಅಡ್ಡಗಟ್ಟಿ ಸೆರೆಹಿಡಿದರು. ಎರಡನ್ನು ಬೇರೆಡೆಗೆ ಸಾಗಿಸಿ, ಉಳಿದ ಮೂರನ್ನು ಕೊಲ್ಲಿಯಲ್ಲಿಯೇ ಇಟ್ಟು, ಸಾಮನ್ ಮೀನುಗಳನ್ನು ಆಹಾರವಾಗಿ ಒಡ್ಡಿದರು. ಅವು ಮೂಸಿಯೂ ನೋಡಲಿಲ್ಲ. ಒಂದು ವಾರ, ಎರಡು ವಾರವಲ್ಲ, ಎಪ್ಪತ್ತಕ್ಕೂ ಹೆಚ್ಚು ದಿನ ಉಪವಾಸವಿದ್ದವು. ಮೈ ಬತ್ತಿ ಪಕ್ಕೆಲುಬು ಕಾಣುವಂತಾಗಿ ಒಂದು ಸತ್ತೇಹೋಯಿತು. ಆಮೇಲೆ ಉಳಿದೆರಡು ಮೀನಿಗೆ ಬಾಯಿಹಾಕಿದವು. ಅದೇ ವರ್ಷ ಅವು ಬಲೆಯಿಂದ ಪಾರಾಗಿ ಕಡಲು ಸೇರಿ, ವರ್ಷಗಳ ಬಳಿಕವೂ ಆ ಕರಾವಳಿಯಲ್ಲಿ ಕಾಣಿಸಿಕೊಂಡವು. ಹಸಿವಿನಿಂದ ಸಾಯುವುದಕ್ಕೂ ಒಪ್ಪುವ ಈ ಹಟದ ಅರ್ಥ ಆಗ ಯಾರಿಗೂ ತಿಳಿಯಲಿಲ್ಲ.

ಅರ್ಥವನ್ನು ಬಿಡಿಸಿದವನು ಮೈಕೆಲ್ ಬಿಗ್ ಎಂಬ ಕೆನಡಾದ ಜೀವವಿಜ್ಞಾನಿ. ೧೯೭೦ರ ದಶಕದಲ್ಲಿ ಅವನೂ ಅವನ ಸಂಗಡಿಗರೂ ತಿಮಿಂಗಿಲಗಳ ಈಜುರೆಕ್ಕೆಯ ಕಚ್ಚುಗಳನ್ನೂ ಬೆನ್ನಿನ ಬೂದುಮಚ್ಚೆಯನ್ನೂ ಛಾಯಾಚಿತ್ರಗಳಲ್ಲಿ ಹಿಡಿದು ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಿದರು. ಹೀಗೆ ಎಣಿಸುತ್ತ ಹೋದಾಗ ಅಲ್ಲಿ ಎರಡು ಜನಾಂಗಗಳಿರುವುದು ತಿಳಿಯಬಂದಿತು. ಒಂದು ಜನಾಂಗ ಮೀನನ್ನು ತಿನ್ನುತ್ತದೆ, ಮುಖ್ಯವಾಗಿ ಸಾಮನ್. ಇನ್ನೊಂದು ಸೀಲ್, ಕಡಲಸಿಂಹ, ಕಡಲಹಂದಿ ಮೊದಲಾದ ಸ್ತನಿಗಳನ್ನು ಮಾತ್ರ ಬೇಟೆಯಾಡುತ್ತದೆ. ಪೆಡರ್ ಕೊಲ್ಲಿಯ ಸೆರೆಯಾಳುಗಳು ಈ ಎರಡನೆಯ ಬಳಗದವು. ಒಂದೇ ನೀರಿನಲ್ಲಿದ್ದರೂ ಇವೆರಡು ಬೆರೆಯುವುದಿಲ್ಲ, ಕೂಡಿ ಸಂತಾನ ಪಡೆಯುವುದೂ ಇಲ್ಲ. ಬಿಗ್ ೧೯೯೦ರಲ್ಲಿ ತೀರಿಕೊಂಡನು. ಸ್ತನಿಭಕ್ಷಕಗಳನ್ನು ಇಂದು ಅವನ ಹೆಸರಿನಿಂದಲೇ ಕರೆಯುತ್ತಾರೆ. ಇವನ್ನು ಬೇರೆ ಪ್ರಭೇದವೆಂದೇ ಎಣಿಸಬೇಕೆಂದು ೨೦೨೪ರಲ್ಲಿ ಕೆಲವು ವಿಜ್ಞಾನಿಗಳು ವಾದಿಸಿದ್ದಾರೆ.

ಇನ್ನು ಶಬ್ದದ ವಿಚಾರಕ್ಕೆ ಬರೋಣ. ಆ ತಣ್ಣನೆಯ ಹಸುರು ನೀರಿನಲ್ಲಿ ಕಣ್ಣು ಕೆಲವೇ ಮೀಟರ್ ಓಡುತ್ತದೆ. ಶಬ್ದವಾದರೋ ನೀರಿನಲ್ಲಿ ಸೆಕೆಂಡಿಗೆ ಸುಮಾರು ೧೫೦೦ ಮೀಟರ್ ಹೋಗುತ್ತದೆ, ಗಾಳಿಯಲ್ಲಿನ ವೇಗದ ನಾಲ್ಕು ಮಡಿಗೂ ಮಿಗಿಲು. ಈಜು ಬಲ್ಲ ವಿದ್ಯಾರ್ಥಿಗಳು ಇದನ್ನು ಸ್ವಲ್ಪಮಟ್ಟಿಗೆ ಪರೀಕ್ಷಿಸಬಹುದು. ಕೆರೆಯ ಇನ್ನೊಂದು ಬದಿಯಲ್ಲಿ ಗೆಳೆಯನು ನೀರಿನೊಳಗೆ ಎರಡು ಕಲ್ಲುಗಳನ್ನು ಕುಟ್ಟಲಿ. ಕಿವಿ ಮುಳುಗಿಸಿ ಕೇಳಿದರೆ ಸದ್ದು ಪಕ್ಕದಲ್ಲಿಯೇ ಆದಂತೆ ಕೇಳುತ್ತದೆ, ಯಾವ ದಿಕ್ಕಿನಿಂದ ಬಂದಿತೆಂಬುದು ಮಾತ್ರ ತಿಳಿಯುವುದಿಲ್ಲ. ನಮ್ಮ ಎರಡು ಕಿವಿಗಳನ್ನೂ ಅದು ಬಹುಮಟ್ಟಿಗೆ ಒಂದೇ ಕ್ಷಣದಲ್ಲಿ ಮುಟ್ಟಿಬಿಡುತ್ತದೆ.

ಮೀನುಭಕ್ಷಕ ತಿಮಿಂಗಿಲ ಟಿಕ್ ಟಿಕ್ ಎಂಬ ಸಣ್ಣ ಸದ್ದುಗಳ ಸಾಲನ್ನು ಎಡೆಬಿಡದೆ ಹೊರಡಿಸುತ್ತದೆ. ೭೫ ಮೀಟರ್ ದೂರದ ಮೀನಿಗೆ ತಾಗಿದ ಸದ್ದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮರಳುತ್ತದೆ. ಸೆಕೆಂಡಿಗೆ ೫೦,೦೦೦ ಕಂಪನಗಳಿರುವ ಈ ಶಬ್ದದ ತರಂಗದೂರ ಮೂರೇ ಸೆಂಟಿಮೀಟರ್; ಆದುದರಿಂದ ಸಾಮನ್ ಮೀನಿನ ಹೊಟ್ಟೆಯ ಗಾಳಿಚೀಲ ಅದಕ್ಕೆ ಒಳ್ಳೆಯ ಗುರಿ. ಸಾಮನ್ ಕೇಳಬಲ್ಲುದು ಸೆಕೆಂಡಿಗೆ ಕೆಲವು ನೂರು ಕಂಪನಗಳ ಮಂದ್ರ ಶಬ್ದವನ್ನು ಮಾತ್ರ. ಕಳ್ಳನು ಕುರುಡನಾಗಿದ್ದರೆ ಟಾರ್ಚ್ ಹಿಡಿದವನಿಗೆ ಏನು ಅಳುಕು?

ಸೀಲಿನ ಕಿವಿ ಹಾಗಲ್ಲ. ನೀರಿನೊಳಗೆ ಅದು ಸೆಕೆಂಡಿಗೆ ಹತ್ತಾರು ಸಾವಿರ ಕಂಪನಗಳ ಶಬ್ದವನ್ನೂ ಕೇಳುತ್ತದೆ. ಟಿಕ್ ಎಂದೊಡನೆ ತಿಮಿಂಗಿಲದ ಸುಳಿವು ಅದಕ್ಕೆ ಹತ್ತುತ್ತದೆ, ಪ್ರತಿಧ್ವನಿ ತಿಮಿಂಗಿಲಕ್ಕೆ ಕೇಳಿಸದಷ್ಟು ದೂರದಿಂದಲೂ. ಆದ್ದರಿಂದ ಸ್ತನಿಭಕ್ಷಕ ತನ್ನ ದೀಪವನ್ನು ಆರಿಸಿಕೊಂಡಿದೆ. ಬ್ಯಾರೆಟ್-ಲೆನಾರ್ಡ್, ಫೋರ್ಡ್, ಹೈಸ್ ಎಂಬ ಮೂವರು ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇದು ಟಿಕ್ ಶಬ್ದ ಮಾಡುವುದು ಬಲು ಅಪರೂಪ. ಮಾಡಿದರೂ ಒಂಟಿಯಾಗಿ, ಕ್ರಮತಪ್ಪಿ, ಕಡಲಿನ ಇತರ ಗದ್ದಲದಲ್ಲಿ ಬೆರೆತುಹೋಗುವಂತೆ. ಬಹುಪಾಲು ಅದು ಕೇವಲ ಆಲಿಸುತ್ತ ಬೇಟೆಯಾಡುತ್ತದೆ ಎಂಬುದು ಅವರ ಊಹೆ. ಬೇಟೆ ಸಿಕ್ಕಿದ ಬಳಿಕವಾದರೋ ಮೌನ ಮುರಿಯುತ್ತದೆ. ಆಗ ಬಳಗದ ಕೂಗಾಟ ಜೋರು.

ಸೀಲುಗಳ ಜಾಣ್ಮೆಯೂ ಕಡಮೆಯದಲ್ಲ. ಫೋಲ್ಕರ್ ಡೀಕೆ ಮತ್ತು ಸಂಗಡಿಗರು ಮುದ್ರಿಸಿಕೊಂಡ ಕೂಗುಗಳನ್ನು ನೀರಿನೊಳಗೆ ನುಡಿಸಿ ನೋಡಿದರು. ಫಲಿತಾಂಶ ೨೦೦೨ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತು. ಸ್ತನಿಭಕ್ಷಕದ ಕೂಗು ಕೇಳಿದೊಡನೆ ಸೀಲುಗಳು ಮುಳುಗಿ ಮಾಯವಾದವು. ಆ ನೆರೆಯ ಮೀನುಭಕ್ಷಕಗಳ ಕೂಗಿಗೆ ಸುಮ್ಮನಿದ್ದವು. ಆದರೆ ದೂರದ, ಪರಿಚಯವಿಲ್ಲದ ಮೀನುಭಕ್ಷಕಗಳ ಕೂಗಿಗೂ ಹೆದರಿದವು! ಎಂದರೆ ಅವು ಎಲ್ಲ ತಿಮಿಂಗಿಲಗಳಿಗೂ ಅಂಜಿ, ನಿರಪಾಯವಾದವನ್ನು ಮಾತ್ರ ಅನುಭವದಿಂದ ಕೈಬಿಡುತ್ತವೆ. ನಮಗೆ ಈ ಪ್ರಯೋಗ ಇಡೀ ವಿಷಯದಲ್ಲೆಲ್ಲ ಸೊಗಸಾದುದಾಗಿ ತೋರುತ್ತದೆ.

ದಡದಿಂದ ನೋಡುವವರಿಗೆ ಕೆಲವು ಗುರುತುಗಳುಂಟು. ಸ್ತನಿಭಕ್ಷಕಗಳು ಮೂರರಿಂದ ಆರರ ಸಣ್ಣ ಗುಂಪಿನಲ್ಲಿ, ಸೀಲುಗಳು ಮಲಗುವ ಬಂಡೆಗಳ ಅಂಚನ್ನು ಹಿಡಿದು ಬರುತ್ತವೆ. ಈಜುರೆಕ್ಕೆಯ ತುದಿ ಮೊನಚು. ಮುಳುಗಿದರೆ ಐದು ನಿಮಿಷಕ್ಕೂ ಮೀರಿ ಕಾಣದೆ, ಎಣಿಸದ ಕಡೆ ಮೇಲೇಳುತ್ತವೆ.

ಸೀಲುಗಳನ್ನು ಕೊಲ್ಲುವುದನ್ನು ಕೆನಡಾ ೧೯೭೦ರಲ್ಲಿಯೂ ಅಮೆರಿಕ ೧೯೭೨ರಲ್ಲಿಯೂ ತಡೆದ ಮೇಲೆ ಅವುಗಳ ಸಂಖ್ಯೆ ಏರಿತು. ಅವನ್ನು ತಿನ್ನುವ ತಿಮಿಂಗಿಲಗಳೂ ಹೆಚ್ಚಿದವು. ಸಾಮನ್ ಸಾಲದೆ ದಕ್ಷಿಣದ ಮೀನುಭಕ್ಷಕಗಳು ಮಾತ್ರ ಎಂಬತ್ತಕ್ಕೂ ಕಡಮೆಯಾಗಿವೆ. ನೋಡಲು ಬರುವ ದೋಣಿಗಳ ಸದ್ದು ಎರಡಕ್ಕೂ ಕೇಡು. ಆಲಿಸಿಯೇ ಬದುಕುವ ಬೇಟೆಗಾರನ ಕಿವಿಗೆ ಯಂತ್ರದ ಮೊರೆತವೆಂದರೆ ನಮ್ಮ ಕಣ್ಣಿಗೆ ಮುಸುಕಿದ ಮಂಜಿನಂತೆ. ಕೆನಡಾ ೨೦೧೮ರಲ್ಲಿ ಆ ಕರಾವಳಿಯ ಹಂತಕ ತಿಮಿಂಗಿಲಗಳಿಂದ ದೋಣಿಗಳು ಕಡಮೆಯೆಂದರೆ ೨೦೦ ಮೀಟರ್ ದೂರವಿರಬೇಕೆಂದು ನಿಯಮ ಮಾಡಿತು. ಕಾರವಾರದಲ್ಲಿ ಡಾಲ್ಫಿನ್ ನೋಡಲು ದೋಣಿಯೇರುವ ನಮ್ಮವರೂ ಎಂಜಿನ್ ನಿಲ್ಲಿಸಿ ದೂರದಲ್ಲಿ ಕಾಯುವುದು ಮೇಲು. ಡಾಲ್ಫಿನ್ನುಗಳೂ ಶಬ್ದದಿಂದಲೇ ದಾರಿ ಕಾಣುವ ಪ್ರಾಣಿಗಳು.

ದೋಣಿಯೇ ಬೇಡವೆನ್ನುವವರಿಗೆ ಅಮೆರಿಕದ ಸಾನ್ ವಾನ್ ದ್ವೀಪದಲ್ಲಿ ಲೈಮ್ ಕಿಲ್ನ್ ಎಂಬ ಬಂಡೆಯ ದಡವಿದೆ. ಅಲ್ಲಿ ನೀರಿನೊಳಗೆ ಧ್ವನಿಗ್ರಾಹಕವನ್ನು ಇಳಿಬಿಟ್ಟಿದ್ದಾರೆ. ಮೀನುಭಕ್ಷಕಗಳು ಸಮೀಪಿಸಿದರೆ ಅದರಲ್ಲಿ ಸಂತೆಯ ಗದ್ದಲ. ಸ್ತನಿಭಕ್ಷಕಗಳು ಕಣ್ಣೆದುರೇ ಹಾದುಹೋಗುತ್ತಿದ್ದರೂ ಅದರಲ್ಲಿ ಕೇಳಿಸುವುದು ಹಡಗುಗಳ ಸದ್ದು, ಅಲೆಗಳ ಸದ್ದು ಅಷ್ಟೆ.