ಇಂಗ್ಲಿಷ್ ನುಡಿಗಟ್ಟೂ ನಮ್ಮ ಕಣದ ಮಾತೂ

ಪದದ ಅರ್ಥ ನಿಘಂಟಿನಲ್ಲಿ ಸಿಗುತ್ತದೆ. ನುಡಿಗಟ್ಟಿನ ಅರ್ಥ ಅದನ್ನು ಆಡುವ ಜನರ ನಡುವೆ ಸಿಗುತ್ತದೆ. ‘ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಹಿರಿಯರ ಮುಂದೆ ತಲೆ ತಗ್ಗಿಸಿ ನಿಂತವನನ್ನು ಕಂಡು, ಇವನು ಏನನ್ನು ತಿನ್ನಲು ಹೇಳುತ್ತಿದ್ದಾನೆಂದು ಕನ್ನಡಿಗರಾರೂ ಕೇಳುವುದಿಲ್ಲ. ಕ್ಷಮೆಗೂ ಹೊಟ್ಟೆಗೂ ಏನು ಸಂಬಂಧವೆಂದು ವ್ಯಾಕರಣಕಾರನನ್ನು ಕೇಳಿದರೆ ಅವನು ನಿರುತ್ತರನಾದಾನು. ಮನೆಯ ಅಜ್ಜಿಯನ್ನು ಕೇಳಿದರೆ, ಮಕ್ಕಳ ತಪ್ಪನ್ನು ಹೆತ್ತ ಹೊಟ್ಟೆಗಲ್ಲದೆ ಇನ್ನೆಲ್ಲಿಗೆ ಹಾಕಿಕೊಳ್ಳಲಿ ಎಂದು ಆಕೆ ನಕ್ಕಾಳು.

ಇಷ್ಟು ಸಹಜವಾದ ಸಂಗತಿ ಇಂಗ್ಲಿಷಿನ ತರಗತಿಗೆ ಬಂದೊಡನೆ ಅಷ್ಟು ಕಠಿಣವಾಗುವುದೇಕೆ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಈ ಐದು ಊರುಗಳ ಸುತ್ತಿನ ಪ್ರೌಢಶಾಲೆಗಳಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿದ ನನ್ನನ್ನು ಈ ಪ್ರಶ್ನೆ ಬಹಳವಾಗಿ ಕಾಡಿದೆ. ಇಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ಒಕ್ಕಲುತನದ ಮನೆಗಳಿಂದ ಬಂದವರು. ಶಾಲೆಯ ಹೊರಗೆ ಅವರ ಕಿವಿಗೆ ಇಂಗ್ಲಿಷ್ ವಾಕ್ಯ ಬೀಳುವುದು ಅಪರೂಪ. ಹಾಗೆಂದು ಇಂಗ್ಲಿಷಿಗೂ ಈ ನೆಲಕ್ಕೂ ನಂಟಿಲ್ಲವೆಂದು ಹೇಳುವಂತಿಲ್ಲ.

೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟನು. ಅಂದಿನಿಂದ ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಈ ತಾಲ್ಲೂಕುಗಳು ಮದರಾಸಿನ ಆಡಳಿತದಲ್ಲಿದ್ದವು. ತುಂಗಭದ್ರೆಯ ಆಚೆಯ ದಡದಲ್ಲಿ ಒಂದೆಡೆ ಮುಂಬಯಿ, ಇನ್ನೊಂದೆಡೆ ನಿಜಾಮರ ಸೀಮೆ; ದಕ್ಷಿಣಕ್ಕೆ ಮೈಸೂರು. ನಾಲ್ಕು ಆಡಳಿತಗಳು ಕೂಡುವ ಈ ಮೂಲೆಯಲ್ಲಿ ಪರಭಾಷೆಯ ಮಾತು ಹೊಸತೇನಲ್ಲ. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಕಚೇರಿಯ ದಾರಿ ಬದಲಾಯಿತೇ ಹೊರತು, ಜನರ ಬಾಯಿಗೆ ಮೊದಲೇ ಬಂದು ನೆಲೆಸಿದ್ದ ಇಂಗ್ಲಿಷ್ ಪದಗಳು ಹಾಗೆಯೇ ಉಳಿದವು.

ಆ ಪದಗಳನ್ನು ಜನ ಬಳಸುವ ರೀತಿಯನ್ನು ಗಮನಿಸಬೇಕು. ಬಸ್ಸಿನ ಕಂಡಕ್ಟರು ‘ರೈಟ್’ ಎಂದರೆ ಬಲಕ್ಕೆ ತಿರುಗಬೇಕೆಂದಲ್ಲ, ಇನ್ನು ಹೊರಡಬಹುದೆಂದು. ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣಕ್ಕೆ ಗಾಡಿಯನ್ನು ಬಿಡಲು ರೈಲ್ವೆಯವರು ಪಡೆಯುತ್ತಿದ್ದ ಅನುಮತಿಗೆ ‘ಲೈನ್ ಕ್ಲಿಯರ್’ ಎಂದು ಹೆಸರು. ಇಂದು ಮದುವೆಯ ಮಾತುಕತೆಗೆ ಹೆಣ್ಣಿನ ಕಡೆಯವರು ಒಪ್ಪಿದರೂ ‘ಲೈನ್ ಕ್ಲಿಯರ್ ಆತು’ ಎನ್ನುತ್ತಾರೆ. ಸಂತೆಯ ಸಂಜೆ ಓಲಾಡುತ್ತ ಬರುವವನನ್ನು ಕಂಡು ‘ಟೈಟ್ ಆಗ್ಯಾನ’ ಎಂದು ನಗುವ ಹುಡುಗನಿಗೆ, ಇಂಗ್ಲೆಂಡಿನ ಆಡುಮಾತಿನಲ್ಲಿಯೂ ಆ ಪದಕ್ಕೆ ಇದೇ ಅರ್ಥವುಂಟೆಂದು ಹೇಳಿದರೆ ನಂಬುವುದಿಲ್ಲ. ಪದದ ನೇರ ಅರ್ಥವನ್ನು ಬಿಟ್ಟು ಬೇರೊಂದಕ್ಕೆ ಜಿಗಿಯುವ ಈ ಕಲೆಯೇ ನುಡಿಗಟ್ಟಿನ ಜೀವಾಳ. ಅದು ನಮ್ಮ ಮಕ್ಕಳಿಗೆ ಕರಗತವಾಗಿಯೇ ಇದೆ.

ಕಲೆ ಅವರಲ್ಲಿದ್ದರೂ ಅದನ್ನು ಇಂಗ್ಲಿಷಿಗೆ ಒಯ್ಯುವ ದಾರಿಯನ್ನು ನಾವು ತೋರಿಸುವುದಿಲ್ಲ. ಅದಕ್ಕೆ ಬದಲಾಗಿ ಗೈಡು ಪುಸ್ತಕದ ಪಟ್ಟಿಯೊಂದನ್ನು ಕೈಗಿಡುತ್ತೇವೆ. ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ, ಕೆಳಗೆ ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬ ಆಜ್ಞೆ. ‘ದಿ ಬಾಲ್ ಈಸ್ ಇನ್ ಯುವರ್ ಕೋರ್ಟ್’ ಎಂಬುದನ್ನು ಓದಿದ ಹರಪನಹಳ್ಳಿಯ ಹುಡುಗನ ಕಣ್ಣಿಗೆ ಕಟ್ಟುವುದು ವಕೀಲರು ಓಡಾಡುವ ನ್ಯಾಯಾಲಯ. ಅಲ್ಲಿಗೆ ಚೆಂಡು ಏಕೆ ಬಂತೆಂದು ಅವನಿಗೆ ತಿಳಿಯದು. ಅದು ಟೆನಿಸ್ ಆಟದ ಅಂಗಳ, ಚೆಂಡು ಬಂದ ಕಡೆಯವನೇ ಮುಂದಿನ ಹೊಡೆತ ಹೊಡೆಯಬೇಕು ಎಂದು ಎರಡು ಮಾತು ಹೇಳಿದರೆ ಸಾಕು, ‘ಇನ್ನು ನಿರ್ಧಾರ ನಿಮ್ಮದು’ ಎಂಬ ಅರ್ಥ ತಾನಾಗಿಯೇ ಹೊಳೆಯುತ್ತದೆ. ಪಟ್ಟಿಯಲ್ಲಿ ಆ ಎರಡು ಮಾತಿಗೆ ಸ್ಥಳವಿರುವುದಿಲ್ಲ.

ಅರ್ಥ ತಿಳಿದ ಮಾತ್ರಕ್ಕೆ ಎಲ್ಲವೂ ತಿಳಿದಂತಾಗುವುದಿಲ್ಲ. ಹಡಗಲಿಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರದ ಕಾಲೇಜೊಂದಕ್ಕೆ ಸೇರಿದ್ದ. ಅವನ ತಾತ ತೀರಿಕೊಂಡರು. ಊರಿನಿಂದ ಹಿಂತಿರುಗಿದವನು ಇಂಗ್ಲಿಷಿನಲ್ಲಿ ರಜೆಯ ಅರ್ಜಿ ಬರೆದ. ತಾನು ಕಲಿತಿದ್ದ ನುಡಿಗಟ್ಟನ್ನು ಬಳಸುವ ಉತ್ಸಾಹದಲ್ಲಿ, ತಾತ ‘ಕಿಕ್ಡ್ ದಿ ಬಕೆಟ್’ ಎಂದು ಬರೆದಿದ್ದ. ಅಲ್ಲಿನ ಉಪನ್ಯಾಸಕರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು, ತರಗತಿ ನಕ್ಕಿತು. ಸಾವಿನ ಮನೆಯಿಂದ ಆಗತಾನೆ ಬಂದಿದ್ದ ಹುಡುಗ ಆ ನಗೆಯ ನಡುವೆ ನಿಂತಿದ್ದ. ಮುಂದೆ ನನ್ನನ್ನು ಕಂಡಾಗ ಅವನು ಕೇಳಿದ್ದು ಒಂದೇ ಮಾತು: ‘ಅರ್ಥ ಸರಿ ಐತಲ್ಲ ಸರ್? ಗೈಡಿನ್ಯಾಗ ಹಂಗ ಐತಿ.’ ಆ ವರ್ಷವೆಲ್ಲ ಅವನು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲವೆಂದು ಆಮೇಲೆ ತಿಳಿಯಿತು.

ಅವನು ಹೇಳಿದ್ದು ನಿಜ. ಅರ್ಥ ಸರಿಯಾಗಿಯೇ ಇತ್ತು; ಸಾಯುವುದೆಂದೇ ಅದರ ಅರ್ಥ. ಫ್ರಾನ್ಸಿಸ್ ಗ್ರೋಸ್ ಎಂಬಾತ ಲಂಡನ್ನಿನ ಬೀದಿಮಾತುಗಳನ್ನು ಕೂಡಿಸಿ ೧೭೮೫ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಈ ಮಾತು ಆಗಲೇ ಸೇರಿತ್ತು. ಗ್ರೋಸ್ ಅದನ್ನು ಸಭ್ಯರ ನುಡಿಯೆಂದು ಸೇರಿಸಲಿಲ್ಲ, ಪಾಮರರ ಮಾತೆಂದು ಸೇರಿಸಿದ. ಇನ್ನೂರು ವರ್ಷ ಕಳೆದರೂ ಅದರ ಮೇಲಿನ ಬೀದಿಯ ಧೂಳು ಹೋಗಿಲ್ಲ. ಗೈಡು ಅರ್ಥವನ್ನು ಕೊಟ್ಟಿತು, ಧೂಳಿನ ಸುದ್ದಿಯನ್ನು ಹೇಳಲಿಲ್ಲ.

ಅದೇ ಹುಡುಗ ಕನ್ನಡದಲ್ಲಿ ಎಂದಾದರೂ ಹೀಗೆ ಎಡವುತ್ತಿದ್ದನೆ? ಕೊಟ್ಟೂರಿನ ಸುತ್ತ ಹಿರಿಯರ ಸಾವನ್ನು ಹೇಳುವುದಕ್ಕೆ ಎಷ್ಟು ಬಗೆಯ ಮಾತುಗಳಿವೆ! ಮಠದ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ತಾತ ಶಿವನ ಪಾದ ಸೇರುತ್ತಾನೆ, ನೆರೆಮನೆಯವರು ತೀರಿಕೊಳ್ಳುತ್ತಾರೆ. ‘ಗೊಟಕ್ ಅಂದ’ ಎಂಬ ಮಾತೂ ಉಂಟು. ಅದನ್ನು ಕಟ್ಟೆಯ ಮೇಲಿನ ಹರಟೆಯಲ್ಲಿ ಹೇಳಬಹುದೇ ಹೊರತು ತಾತನ ಹೆಣದ ಮುಂದೆ ಆಡಿದರೆ ಕಪಾಳಕ್ಕೆ ಏಟು ಬಿದ್ದೀತು. ಈ ತಾರತಮ್ಯವನ್ನು ಅವನಿಗೆ ಯಾವ ಗೈಡೂ ಕಲಿಸಲಿಲ್ಲ. ಯಾರು, ಯಾರೊಡನೆ, ಯಾವಾಗ ಆಡಿದರೆಂಬುದನ್ನು ಕೇಳಿ ಕೇಳಿ ಕಲಿತ. ‘ಕಿಕ್ ದಿ ಬಕೆಟ್ ಎಂದರೆ ಸಾಯು’ ಎಂದು ಕಲಿಸುವ ಬದಲು ‘ಅದು ಇಂಗ್ಲಿಷಿನ ಗೊಟಕ್’ ಎಂದು ಕಲಿಸಿದ್ದರೆ ಸಾಕಾಗಿತ್ತು; ಆ ಅರ್ಜಿ ಹಾಗೆ ಬರೆಯಲ್ಪಡುತ್ತಿರಲಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೆ: ಇಂಗ್ಲಿಷ್ ನುಡಿಗಟ್ಟಿನ ಪಾಠ ಕನ್ನಡ ನುಡಿಗಟ್ಟಿನಿಂದ ಆರಂಭವಾಗಬೇಕು. ಮಾತಿಗೆ ಮಾತು ಇಟ್ಟು ಭಾಷಾಂತರಿಸುವುದಕ್ಕಲ್ಲ, ಸಂದರ್ಭಕ್ಕೆ ಸಂದರ್ಭವನ್ನು ಹೊಂದಿಸುವುದಕ್ಕೆ. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದೊಡನೆ ಮಕ್ಕಳು ನೀಲಿ ಚಂದ್ರನನ್ನು ಹುಡುಕುತ್ತಾರೆ. ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಬರುವ ಅಳಿಯ’ ಎಂದರೆ ನಗುತ್ತಾರೆ. ಅಮಾವಾಸ್ಯೆ ಹುಣ್ಣಿಮೆಗಳು ತಿಂಗಳು ತಿಂಗಳೂ ಬಂದರೂ ಆ ಮಾತಿಗೆ ಅಪರೂಪವೆಂದೇ ಅರ್ಥ. ಹಾಗೆಯೇ ಆ ಚಂದ್ರ ನೀಲಿಯಾಗಿರಬೇಕಿಲ್ಲ. ‘ಪೀಸ್ ಆಫ್ ಕೇಕ್’ ನಮ್ಮ ‘ನೀರು ಕುಡಿದಷ್ಟು ಸಲೀಸು’. ಒಬ್ಬರ ಊಟದ ಸುಖ ಸಿಹಿತಿಂಡಿಯಲ್ಲಿ, ಬಿಸಿಲುನಾಡಿನವರ ಸುಖ ನೀರಿನಲ್ಲಿ!

ಕೆಲವು ಕಡೆ ಎರಡು ಭಾಷೆಗಳೂ ಒಂದೇ ಅಂಗವನ್ನು ಹಿಡಿದು ಬೇರೆ ಬೇರೆ ದಿಕ್ಕಿಗೆ ನಡೆಯುತ್ತವೆ. ‘ಕಾಲೆಳೆ’ ಎಂದರೆ ಮೇಲೇರುವವನನ್ನು ಹೊಟ್ಟೆಕಿಚ್ಚಿನಿಂದ ಕೆಳಕ್ಕೆ ಜಗ್ಗುವುದೆಂದು ನಮ್ಮ ಹಿರಿಯರು ಬಲ್ಲರು. ಇಂಗ್ಲಿಷಿನಲ್ಲಿ ಕಾಲೆಳೆಯುವುದು ಬರಿಯ ತಮಾಷೆ. ಈಗ ನಮ್ಮ ಪತ್ರಿಕೆಗಳೂ ಇಂಗ್ಲಿಷಿನ ಅರ್ಥದಲ್ಲಿಯೇ ‘ಸ್ನೇಹಿತನ ಕಾಲೆಳೆದರು’ ಎಂದು ಬರೆಯುತ್ತವೆ. ತರಗತಿಯಲ್ಲಿ ಎರಡೂ ಕಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಮಕ್ಕಳಿಗೆ ಎರಡು ಭಾಷೆಗಳೂ ಒಟ್ಟಿಗೆ ತಿಳಿಯುತ್ತವೆ. ಇನ್ನು ಕೆಲವು ನುಡಿಗಳು ಆಚಾರದಿಂದ ಹುಟ್ಟಿದವು. ಹೊಣೆಯನ್ನು ಕಳಚಿಕೊಳ್ಳುವ ಇಂಗ್ಲಿಷರವನು ಕೈತೊಳೆದುಕೊಳ್ಳುತ್ತಾನೆ. ಅದು ಬೈಬಲಿನ ಪಿಲಾತನ ಕಥೆಯಿಂದ ಬಂದದ್ದು. ಆಸೆಯನ್ನು ಬಿಟ್ಟ ನಮ್ಮವನು ಎಳ್ಳುನೀರು ಬಿಡುತ್ತಾನೆ. ಅದು ಶ್ರಾದ್ಧದಿಂದ ಬಂದದ್ದು. ನುಡಿಗಟ್ಟಿನ ಬೇರನ್ನು ಹಿಡಿದು ಹೋದರೆ ಒಂದು ಜನಾಂಗದ ಮನೆಯಂಗಳಕ್ಕೇ ಹೋಗಿ ನಿಲ್ಲುತ್ತೇವೆ.

ಮಾತಿನ ಹಿಂದಿನ ಮಾತನ್ನು ಅರಿಯುವ ಶಕ್ತಿ ಈ ಸೀಮೆಯವರಿಗಿಲ್ಲವೆಂದು ಯಾರೂ ಹೇಳಲಾರರು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಜಾತ್ರೆಯ ಕಾಲಕ್ಕೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ‘ಸದ್ದಲೇ’ ಎಂಬ ಕೂಗಿಗೆ ಲಕ್ಷಗಟ್ಟಲೆ ಜನ ಮೌನವಾಗುತ್ತಾರೆ. ಬರುವುದು ಒಂದೇ ಸಾಲು. ಅದರಲ್ಲಿ ಮಳೆಯ ಹೆಸರೂ ಇರಲಿಕ್ಕಿಲ್ಲ, ಬೆಳೆಯ ಹೆಸರೂ ಇರಲಿಕ್ಕಿಲ್ಲ. ಆದರೂ ಊರಿಗೆ ಹಿಂತಿರುಗುವ ಬಂಡಿ, ಟ್ರ್ಯಾಕ್ಟರುಗಳಲ್ಲಿ ಆ ಸಾಲಿಗೆ ಮಳೆಯ ಅರ್ಥ, ಬೆಳೆಯ ಅರ್ಥ, ರಾಜಕೀಯದ ಅರ್ಥಗಳು ಹುಟ್ಟುತ್ತವೆ, ವಾದವೇ ನಡೆಯುತ್ತದೆ. ಈ ವಾದವನ್ನು ಕೇಳುತ್ತ ಬೆಳೆದ ಮಗುವಿಗೆ, ‘ಪದ ಹೇಳುವುದೊಂದು, ಮಾತು ಹೇಳುವುದೊಂದು’ ಎಂಬ ತತ್ತ್ವವನ್ನು ಬೇರೆಯಾಗಿ ಬೋಧಿಸಬೇಕೆ?

ಎರಡು ಭಾಷೆಗಳನ್ನು ಮುಖಾಮುಖಿ ನಿಲ್ಲಿಸಿ ನಗಿಸಿದ ದೊಡ್ಡವರೊಬ್ಬರು ಇದೇ ನೆಲದವರು. ೧೯೧೩ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ತಮ್ಮ ಕಾವ್ಯನಾಮವಾದ ‘ಬೀಚಿ’ಯ ಮೊದಲಕ್ಷರವನ್ನು ಕನ್ನಡದಲ್ಲಿಯೂ ಎರಡನೆಯದನ್ನು ಇಂಗ್ಲಿಷ್ ಲಿಪಿಯಲ್ಲಿಯೂ ಬರೆದರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ನನ್ನ ಭಯಾಗ್ರಫಿ’. ಇಂಗ್ಲಿಷ್ ಪದವೊಂದರ ಹೊಟ್ಟೆಯೊಳಗೆ ಕನ್ನಡದ ಭಯವನ್ನು ಕೂರಿಸಿದ ಈ ಜಾಣ್ಮೆ ಇಂಗ್ಲಿಷಿಗೆ ಹೆದರಿದವನದಲ್ಲ, ಅದರೊಡನೆ ಸಲಿಗೆಯಿಂದ ಆಡಬಲ್ಲವನದು. ನಮ್ಮ ಮಕ್ಕಳಿಗೆ ಬೇಕಾದದ್ದು ಈ ಸಲಿಗೆ.

ಆದರೆ ಕಾಲ ಮೀರುತ್ತಿದೆ ಎಂಬ ಆತಂಕವೂ ನನಗುಂಟು. ‘ಕೊಟ್ಟ ಮಾತನ್ನು ಗಾಳಿಗೆ ತೂರಿದ’ ಎಂಬ ನುಡಿಯ ಅರ್ಥವನ್ನು ಈಚಿನ ವರ್ಷಗಳಲ್ಲಿ ಕೇಳಿದರೆ ಮಕ್ಕಳು ಹೇಳುತ್ತಾರೆ. ತೂರುವುದೆಂದರೇನೆಂದು ಕೇಳಿದರೆ ಸುಮ್ಮನಾಗುತ್ತಾರೆ. ರಾಶಿಯ ಯಂತ್ರ ಬಂದಿದೆ. ಸಗಣಿ ಸಾರಿಸಿದ ಕಣದ ಬದಲು ಡಾಂಬರು ರಸ್ತೆಯ ಮೇಲೆ ಬೆಳೆ ಹರಡುತ್ತಾರೆ. ಗಾಳಿಗೆ ಮೊರ ಹಿಡಿದು ನಿಂತು ಕಾಳನ್ನು ಹೊಟ್ಟಿನಿಂದ ಬೇರ್ಪಡಿಸುವುದನ್ನು ನೋಡದ ಮಗುವಿಗೆ, ಆ ನುಡಿ ಟೆನಿಸ್ ಅಂಗಳದ ಚೆಂಡಿನಷ್ಟೇ ಪರದೇಶಿಯಾಗಿಬಿಟ್ಟಿದೆ. ಹುಣಸೆಮರಗಳ ಕೂಡ್ಲಿಗಿ ಕಡೆ ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ’ ಎಂಬ ಗಾದೆಯನ್ನು ಹಿರಿಯರು ಇನ್ನೂ ಆಡುತ್ತಾರೆ. ಅವರ ಮೊಮ್ಮಕ್ಕಳು ಅದೇ ಸಂದರ್ಭಕ್ಕೆ ‘ಎಲ್ಲಾ ವೇಸ್ಟ್’ ಎನ್ನುತ್ತಾರೆ. ಮೊಮ್ಮಕ್ಕಳ ಮಾತು ಚುಟುಕಾಗಿದೆ, ನಿಜ. ಆದರೆ ತೊಳೆದಷ್ಟೂ ಕೈಯಲ್ಲಿ ಕರಗಿಹೋಗುವ ಆ ಹಣ್ಣು ಅದರಲ್ಲಿಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಇಂಗ್ಲಿಷ್ ನುಡಿಗಟ್ಟನ್ನು ಕಲಿಸುವ ದಿನ ಗೈಡನ್ನು ಮುಚ್ಚಿಡಿ. ‘ಇಂಥ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ಯಾರ ಮುಂದೆ ಅನ್ನುತ್ತಾರೆ, ಯಾರ ಮುಂದೆ ಅನ್ನುವುದಿಲ್ಲ?’ ಎಂದು ಕೇಳಿ. ಮಕ್ಕಳು ಮನೆಗೆ ಹೋಗಿ ತಾತನನ್ನೋ ಅಜ್ಜಿಯನ್ನೋ ಕೇಳಿ ಬರಲಿ. ಒಂದು ನೋಟುಬುಕ್ಕಿನ ಎಡ ಪುಟದಲ್ಲಿ ಅವರು ತಂದ ಮಾತೂ ಬಲ ಪುಟದಲ್ಲಿ ಇಂಗ್ಲಿಷಿನ ಮಾತೂ ಕೂಡಲಿ. ನಡುವೆ ಅದನ್ನಾಡುವ ಸಂದರ್ಭವಿರಲಿ. ಹೀಗೆ ಕಲಿತವನು ರಜೆಯ ಅರ್ಜಿಯಲ್ಲಿ ಏನು ಬರೆಯಬೇಕೆಂದು ಬಲ್ಲನು. ಅಷ್ಟೇ ಅಲ್ಲ, ಕಣ ಮರೆಯಾದ ಮೇಲೂ ಕಣದ ಮಾತೊಂದನ್ನು ಕಾಪಾಡಿದವನಾಗುವನು.