ಈಶ್ವರಬಳ್ಳಿಯೂ ಚಿಟ್ಟೆಯ ಸಂಸಾರವೂ

ಹೂವಿದ್ದಲ್ಲಿ ಚಿಟ್ಟೆ ಬರುವುದೆಂಬ ಮಾತು ನಿಜವೇ. ಆದರೆ ಅರ್ಧ ನಿಜ. ಮಕರಂದವು ಬಂದ ಅತಿಥಿಗೆ ಕೊಡುವ ಪಾನಕವಷ್ಟೆ. ಚಿಟ್ಟೆಯ ಸಂತತಿ ಉಳಿಯಬೇಕಾದರೆ ಅದರ ಮರಿಹುಳುವಿಗೆ ತಕ್ಕ ಎಲೆ ಬೇಕು. ಅನೇಕ ಜಾತಿಯ ಮರಿಹುಳುಗಳು ತಮಗೆ ಗೊತ್ತಾದ ಕೆಲವೇ ಗಿಡಗಳನ್ನಲ್ಲದೆ ಬೇರೊಂದನ್ನು ಮುಟ್ಟವು.

ನಮ್ಮ ಕಾಸರಗೋಡು ಸೀಮೆಯ ಬೇಲಿಗಳಲ್ಲಿಯೂ ಗುಡ್ಡೆಗಳ ಅಂಚಿನಲ್ಲಿಯೂ ಹಬ್ಬುವ ಈಶ್ವರಬಳ್ಳಿಯು ಇದಕ್ಕೆ ಉತ್ತಮ ನಿದರ್ಶನ. ಮಲಯಾಳದಲ್ಲಿ ಇದಕ್ಕೆ ಗರುಡಕ್ಕೊಡಿ ಎನ್ನುವರು. ಇದರ ಹೂವು ಸಣ್ಣ ಕೊಳವೆಯಂತಿದೆ. ಒಳಹೊಕ್ಕ ಚಿಕ್ಕ ನೊಣವನ್ನು ಕೊಳವೆಯ ಕೂದಲುಗಳು ತಡೆದಿಟ್ಟು, ಪರಾಗ ಅಂಟಿದ ಬಳಿಕ ಬಾಡಿ ದಾರಿ ಬಿಡುತ್ತವೆ. ಒಣಗಿದ ಕಾಯಿಯು ತೊಟ್ಟಿನ ಕಡೆಯಿಂದ ಬಿರಿದು, ತೂಗುಬುಟ್ಟಿಯಂತೆ ನೇತಾಡುತ್ತದೆ.

ದಕ್ಷಿಣ ಭಾರತದಲ್ಲಿ ಮಾತ್ರ ಕಾಣಸಿಗುವ, ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲವಾಗುವ ಸದರ್ನ್ ಬರ್ಡ್‌ವಿಂಗ್ ಚಿಟ್ಟೆಯು ಈ ಬಳ್ಳಿಯ ಮೇಲೆ ಮೊಟ್ಟೆಯಿಡುತ್ತದೆ. ಕಪ್ಪು ಹಳದಿ ಬಣ್ಣದ ಈ ಚಿಟ್ಟೆ ಕರ್ನಾಟಕದ ರಾಜ್ಯ ಚಿಟ್ಟೆ. ಹಾರುವುದಕ್ಕೆ ಅದಕ್ಕೆ ಗಡಿಯೇನೂ ಇಲ್ಲ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಎಂಬ ಚಿಟ್ಟೆಗಳಿಗೂ ಇದೇ ತವರು. ಎಲೆಯಲ್ಲಿನ ವಿಷವು ಹುಳುವಿನ ಮೈಸೇರಿ, ಹಕ್ಕಿಗಳು ಅದನ್ನು ತಿನ್ನದಂತೆ ಕಾಪಾಡುತ್ತದೆ.

ಆ ವಿಷವು ಮನುಷ್ಯರಿಗೆ ರಕ್ಷೆಯಲ್ಲ. ಹಾವಿನ ವಿಷಕ್ಕೆ ಮದ್ದೆಂದು ಈ ಬೇರನ್ನು ಅಗೆದು ಕೊಡುವ ರೂಢಿಯುಂಟು. ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡವನ್ನು ಕೆಡಿಸುವುದೆಂದೂ ಕ್ಯಾನ್ಸರಿಗೆ ಕಾರಣವಾಗುವುದೆಂದೂ ಇಂದು ಸಿದ್ಧವಾಗಿದೆ. ಆದುದರಿಂದ ಯಾರೂ ಇದನ್ನು ಸೇವಿಸಬಾರದು. ಹಾವು ಕಚ್ಚಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೇರು ನೆಲದಲ್ಲಿ ಉಳಿದರೆ ಬಳ್ಳಿಗೂ ಮನುಷ್ಯನಿಗೂ ಕ್ಷೇಮ.

ಬೆಳೆಸುವ ಕ್ರಮ ಸುಲಭ. ಬಿರಿದ ಕಾಯಿಯ ಚಪ್ಪಟೆ ಬೀಜಗಳನ್ನು ಆಯ್ದು, ಮಳೆಗಾಲದ ಆರಂಭದಲ್ಲಿ ಮಣ್ಣು ಗೊಬ್ಬರ ಬೆರೆಸಿದ ಚಟ್ಟಿಯಲ್ಲಿ ಬಿತ್ತಬೇಕು. ಸಸಿ ಚಿಗುರಿದ ಮೇಲೆ ನೀರು ನಿಲ್ಲದ, ತುಸು ನೆರಳಿರುವ ಬೇಲಿಯ ಬುಡಕ್ಕೆ ನೆಟ್ಟು, ಹಬ್ಬಲು ಆಧಾರ ಕೊಡಬೇಕು. ಒಂದೇ ಬಳ್ಳಿ ಸಾಲದು. ಹಸಿದ ಹುಳುಗಳು ಅದನ್ನು ಬೋಳಾಗಿಸುವುವು. ನಾಲ್ಕೈದಾದರೂ ಇರಲಿ. ಸಮೀಪದಲ್ಲಿ ಕೇಪಳದ ಗಿಡವಿದ್ದರೆ ದೊಡ್ಡ ಚಿಟ್ಟೆಗಳಿಗೆ ಮಕರಂದವೂ ದೊರೆಯುವುದು.

ಇನ್ನು ತಂದೆತಾಯಂದಿರಲ್ಲಿ ನಮ್ಮದೊಂದು ವಿಜ್ಞಾಪನೆ. ಎಲೆಯಲ್ಲಿ ತೂತು ಕಂಡೊಡನೆ ಕೀಟನಾಶಕ ಸಿಂಪಡಿಸಬೇಡಿರಿ. ಕಂದುಮೈಯ, ಮುಳ್ಳಿನಂತಹ ಮೃದುವಾದ ಚಾಚುಗಳುಳ್ಳ ಆ ಹುಳುವೇ ನಾಳೆಯ ಚಿಟ್ಟೆ. ಬೇರು ಗಟ್ಟಿಯಾದ ಬಳ್ಳಿ ಎಲೆ ಕಳೆದುಕೊಂಡರೂ ಮರಳಿ ಚಿಗುರುವುದು. ವಿದ್ಯಾರ್ಥಿಗಳೇ, ಹುಳುವನ್ನು ಡಬ್ಬಿಯಲ್ಲಿ ಹಿಡಿದಿಡದೆ ಬಳ್ಳಿಯ ಮೇಲೆಯೇ ದಿನವೂ ನೋಡಿ, ಕಂಡುದನ್ನು ತಾರೀಕಿನೊಡನೆ ಬರೆದಿಡಿರಿ. ಪುಸ್ತಕದ ಪಾಠಕ್ಕೆ ಬೇಲಿಯೇ ಸಾಕ್ಷಿ ನುಡಿಯುವುದು.